ಎಣ್ಣೆ ಬಾರದೋ, ಕರೆಂಟು ಬಾರದೋ?



ಸರಕಾರಿ ಕಚೇರಿಯ ಗುಮಾಸ್ತನಿಗೆ ಕಾರು ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳುತ್ತ ಬಂದಿದ್ದಾರೆ. ಪರಿಚಿತರೊಬ್ಬರಿಂದ ಕೊಂಡ ಹಳೆಯ ಡೀಸೆಲ್ ಕಾರು ಅದು. ಪುಣೆಯಲ್ಲಿ ನಾವು ಕಚೇರಿಗೆ ಹೋಗುವುದು ಬಸ್ಸಿನಲ್ಲಿಯೇ. ಕಾರು ಇರುವುದು ವರ್ಷಕ್ಕೆ ಮೂರು ನಾಲ್ಕು ಸಲ ಧಾರವಾಡಕ್ಕೆ ಹೋಗಿಬರುವುದಕ್ಕೆ. ಮಿಕ್ಕ ದಿನಗಳಲ್ಲಿ ಅದು ಮರದ ಕೆಳಗೆ ನಿಂತು ಕಾಗೆಗಳಿಗೆ ಆಸನವಾಗಿರುತ್ತದೆ.

2024ರ ಶ್ರಾವಣದಲ್ಲಿ ನಮ್ಮ ತಾಯಿಯವರ ವರ್ಷಾಂತಿಕವಿತ್ತು. ಅದು ಮುಗಿದ ಮೇಲೆ ತಂದೆಯವರನ್ನು ಪುಣೆಗೆ ಕರೆತರುವುದೆಂದು ನಿಶ್ಚಯವಾಗಿತ್ತು. ಮೊಳಕಾಲಿನ ನೋವಿನಿಂದಾಗಿ ಅವರು ಬಸ್ಸಿನ ಮೆಟ್ಟಿಲು ಹತ್ತಲಾರರು. ದಾರಿಯೋ 400 ಕಿಲೋಮೀಟರಿಗೂ ಮಿಕ್ಕಿದ್ದು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡೇ ಬರಬೇಕು. ಹೊರಡಲು ಹತ್ತು ದಿನ ಉಳಿದಿರುವಾಗ ನಮ್ಮ ಕಾರು ಕಾತ್ರಜದ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಕಾಲು ಗಂಟೆ ಬಿಟ್ಟು ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮರುದಿನ ಮತ್ತೆ ಅದೇ ಕಥೆ.

ದೊಡ್ಡದೊಂದು ಗ್ಯಾರೇಜಿಗೆ ಒಯ್ದೆವು. ಅವರು ಡೀಸೆಲ್ ಫಿಲ್ಟರ್ ಬದಲಿಸಿದರು, ಗುಣ ಕಾಣಲಿಲ್ಲ. ಯಂತ್ರ ಹಚ್ಚಿ ನೋಡಿ, ಎಂಜಿನ್ನಿಗೆ ಬೇಕಾದಷ್ಟು ಒತ್ತಡದಲ್ಲಿ ಡೀಸೆಲ್ ಬರುತ್ತಿಲ್ಲವೆಂದರು. ಟ್ಯಾಂಕಿನ ಪಂಪಿನ ಪ್ಲಗ್ಗಿಗೆ ಮೀಟರ್ ಹಿಡಿದರು. 12 ವೋಲ್ಟ್ ತೋರಿಸಿತು. ‘ಕರೆಂಟು ಸರಿಯಾಗಿದೆ. ಆದುದರಿಂದ ಟ್ಯಾಂಕಿನ ಪಂಪು, ಎಂಜಿನ್ನಿನ ಪಂಪು ಎರಡನ್ನೂ ಬದಲಿಸಬೇಕು’ ಎಂದು 65,000 ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ನಮ್ಮ ಒಂದು ತಿಂಗಳ ಸಂಬಳವನ್ನು ಪೂರ್ತಿ ಸುರಿದರೂ ತೀರದ ಮೊತ್ತ.

ಮನೆಗೆ ಬಂದು ಪಟ್ಟಿಯನ್ನು ತೋರಿಸಿದೆವು. ‘ಹಾಳು ಕಾರು’ ಎಂಬ ಮಾತನ್ನು ನಿರೀಕ್ಷಿಸಿದ್ದೆವು. ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಪಾಟ್ಲಿ ಅದಾವಲ್ರೀ, ಒತ್ತಿ ಇಡ್ರಿ. ಮಾವಾರನ್ನ ಮಾತ್ರ ಕರ್ಕೊಂಡ ಬರೂಣು’ ಎಂದರು. ನಮಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಬಡಾವಣೆಯ ಹಿಂದಿನ ಗಲ್ಲಿಯಲ್ಲಿ ಬೆಳಗಾವಿ ಕಡೆಯ ವೃದ್ಧ ಮಿಸ್ತ್ರಿಯೊಬ್ಬರಿದ್ದಾರೆ. ಪಾಟ್ಲಿ ಒತ್ತಿಯಿಡುವ ಮುನ್ನ ಅವರನ್ನೊಂದು ಮಾತು ಕೇಳೋಣವೆಂದು ಹೋದೆವು. ಅವರು ಬಾನೆಟ್ಟನ್ನು ತೆಗೆಯದೆ ಮೊದಲು ನಮ್ಮನ್ನೇ ಪರೀಕ್ಷಿಸಿದರು.

‘ಸಾಹೇಬ್ರ, ಗಾಡಿ ನಿಲ್ಲೂಮುಂದ ಕೆಮ್ಮಿ ನಿಲ್ತದೋ, ದೀಪಾ ಆರಿದಂಗ ಥಟ್ಟನೆ ನಿಲ್ತದೋ?’

‘ಕೆಮ್ಮುತ್ತದೆ ಕಾಕಾ, ಅದೂ ಏರಿನಲ್ಲಿ.’

ಥಟ್ಟನೆ ಆರಿದರೆ ವಯರಿನ ಮೇಲೆ ಮೊದಲ ಸಂಶಯ. ಏರಿನಲ್ಲಿ ಕೆಮ್ಮಿದರೆ ಎಣ್ಣೆಯ ಮೇಲೆ. ಹಾಗಾದರೆ ಗ್ಯಾರೇಜಿನವರು ಹೇಳಿದುದೇ ಸರಿಯಲ್ಲವೆ ಎಂದೆವು. ಮಿಸ್ತ್ರಿಯವರು ನಕ್ಕರು. ‘ಎಣ್ಣಿ ಬರವಲ್ದು, ಅದು ಖರೆ. ಯಾಕ ಬರವಲ್ದು ಅನ್ನೂದು ಬ್ಯಾರೆ ಮಾತು.’

ಎಣ್ಣೆಯ ದಾರಿಯನ್ನು ಅವರು ವಿವರಿಸಿದುದು ಹೀಗೆ. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಡೀಸೆಲನ್ನು ಫಿಲ್ಟರಿನ ಮೂಲಕ ಮುಂದಕ್ಕೆ ನೂಕುತ್ತದೆ. ಎಂಜಿನ್ನಿಗೆ ಹೊಂದಿಕೊಂಡ ದೊಡ್ಡ ಪಂಪು ಅದರ ಒತ್ತಡವನ್ನು ಬಹಳವಾಗಿ ಏರಿಸುತ್ತದೆ. ಅಲ್ಲಿಂದ ಇಂಜೆಕ್ಟರುಗಳು ಅದನ್ನು ಸಿಲಿಂಡರಿಗೆ ಚಿಮ್ಮಿಸುತ್ತವೆ. (ಎಲ್ಲ ಡೀಸೆಲ್ ಕಾರುಗಳಲ್ಲೂ ಟ್ಯಾಂಕಿನಲ್ಲಿ ಪಂಪು ಇರುವುದಿಲ್ಲ, ಕೆಲವುಗಳಲ್ಲಿ ಎಂಜಿನ್ನಿನ ಪಂಪೇ ಎಣ್ಣೆಯನ್ನು ಹೀರಿಕೊಳ್ಳುತ್ತದೆ.) ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಎಣ್ಣೆಯೇ ಫೈಲು, ಟೇಬಲಿನಿಂದ ಟೇಬಲಿಗೆ ಸಾಗಬೇಕು. ಕೊನೆಯ ಟೇಬಲಿಗೆ ಫೈಲು ಬಂದಿಲ್ಲವೆಂದು ಅಲ್ಲಿ ಕುಳಿತವನನ್ನು ವಜಾ ಮಾಡಿದರೆ ಪ್ರಯೋಜನವೇನು?

ಹಿಂದಿನ ಸೀಟನ್ನು ಎತ್ತಿಸಿ, ನಮ್ಮಿಂದ ಕೀಲಿ ತಿರುವಿಸಿದರು. ಕೀಲಿ ತಿರುವಿದೊಡನೆ ಟ್ಯಾಂಕಿನ ಪಂಪು ಎರಡು ಮೂರು ಸೆಕೆಂಡು ಗುಂಯ್ ಎನ್ನಬೇಕು. ಎಂದಿತು, ಆದರೆ ಹಸಿದವನ ದನಿಯಲ್ಲಿ. ಅನಂತರ ಅವರು ಹಿಂದಿನ ಬ್ರೇಕ್ ದೀಪಕ್ಕೆ ಹಾಕುವ 21 ವಾಟಿನ ಬಲ್ಬಿಗೆ ಎರಡು ವಯರು ಬೆಸೆದದ್ದನ್ನು ತೆಗೆದರು. ಬ್ಯಾಟರಿಗೆ ಮುಟ್ಟಿಸಿದಾಗ ಅದು ಝಗ್ಗನೆ ಉರಿಯಿತು. ಪಂಪಿನ ಪ್ಲಗ್ಗನ್ನು ಕಳಚಿ, ಕರೆಂಟು ಬರುವ ತುದಿಗಳಿಗೆ ಮುಟ್ಟಿಸಿ ಕೀಲಿ ತಿರುವಿದಾಗ ಸಂಜೆಯ ನಂದಾದೀಪದಂತೆ ಮಿಣುಕಿತು. ಬಲ್ಬಿಲ್ಲದೆ ಮೀಟರ್ ಹಿಡಿದರೆ 12 ವೋಲ್ಟ್. ಬಲ್ಬು ಉರಿಯುತ್ತಿರುವಾಗ ಹಿಡಿದರೆ 7!

ಇದೇ ಗುಟ್ಟು. ಮೀಟರ್ ತಾನು ಕರೆಂಟನ್ನು ಎಳೆಯುವುದೇ ಇಲ್ಲವೆನ್ನಬಹುದು. ಆದುದರಿಂದ ಒಂದೇ ಒಂದು ಎಳೆ ಉಳಿದ ವಯರಿನಲ್ಲಿಯೂ ಅದು ಪೂರ್ತಿ 12 ತೋರಿಸುತ್ತದೆ. ಪಂಪಿನಂಥ ದುಡಿಯುವ ಸಾಮಾನು ಎಳೆದಾಗಲೇ ವಯರಿನ ನಿಜವಾದ ಶಕ್ತಿ ತಿಳಿಯುವುದು. ಹಾಜರಿ ಪುಸ್ತಕದಲ್ಲಿ ಸಹಿ ಇದೆ, ಕುರ್ಚಿಯಲ್ಲಿ ಮನುಷ್ಯನಿಲ್ಲ. ನಮಗೆ ಚೆನ್ನಾಗಿ ಪರಿಚಯವಿರುವ ಸಂಗತಿ.

ಮುಂದಿನ ಹೆಜ್ಜೆ ಸುಲಭವಾಯಿತು. ಬಲ್ಬಿನ ಒಂದು ತುದಿಗೆ ಬ್ಯಾಟರಿಯಿಂದ ನೇರವಾಗಿ ಉದ್ದನೆಯ ವಯರು ತಂದು, ಇನ್ನೊಂದು ತುದಿಯನ್ನು ಪ್ಲಗ್ಗಿನ ಅರ್ಥಿಂಗ್ ವಯರಿಗೆ ಮುಟ್ಟಿಸಿದರು. ಬಲ್ಬು ಝಗ್ಗನೆ ಉರಿಯಿತು. ಅರ್ಥಿಂಗ್ ನಿರ್ದೋಷಿ. ದೋಷವಿರುವುದು ಕರೆಂಟು ತರುವ ವಯರಿನಲ್ಲಿಯೇ. ಬಾಗಿಲಿನ ಬುಡದ ಜಮಖಾನೆ ಎತ್ತುತ್ತ ಆ ವಯರನ್ನು ಹಿಂಬಾಲಿಸಿದರು. ಸೀಟಿನ ಮೂಲೆಯಲ್ಲಿ ಇಲಿ ಕಡಿದ ವಯರು ಸಿಕ್ಕಿತು. ಎರಡೋ ಮೂರೋ ಎಳೆಗಳು ಹಸಿರು ಕಿಲುಬು ಹಿಡಿದು ಜೋತಿದ್ದವು. ಪಕ್ಕದಲ್ಲಿ ನಮ್ಮ ಮಕ್ಕಳು ಹಿಂದಿನ ಸಲ ಊರಿನಿಂದ ಬರುವಾಗ ಚೆಲ್ಲಿದ ಚಕ್ಕುಲಿಯ ಚೂರುಗಳು. ಅತಿಥಿಯನ್ನು ಕರೆದವರು ನಾವೇ! ಏರಿನಲ್ಲಿ ಎಂಜಿನ್ನು ಹೆಚ್ಚು ಎಣ್ಣೆ ಬೇಡಿದಾಗ ಬಡಪಂಪು ಪೂರೈಸಲಾರದೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ನಿಂತು ವಯರು ತಣಿದ ಮೇಲೆ ಮತ್ತೆ ಹೇಗೋ ನಡೆಯುತ್ತಿತ್ತು.

ಕೆಟ್ಟ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ವಯರನ್ನು ಬೆಸೆದು, ಮೇಲೆ ಕೊಳವೆ ತೊಡಿಸಿದರು. ಕೂಲಿ 900 ರೂಪಾಯಿ. ಗ್ಯಾರೇಜಿನವರು ಮೋಸಗಾರರೆಂದು ನಾವು ಹೇಳುವುದಿಲ್ಲ. ಅವರು ಮೀಟರಿನ ಮಾತನ್ನು ನಂಬಿದರು, ಅಷ್ಟೆ.

ಓದುಗರಲ್ಲಿ ನಮ್ಮಂಥ ಹಳೆಯ ಗಾಡಿಯವರಿದ್ದರೆ ಎರಡು ಎಚ್ಚರಿಕೆಯ ಮಾತು. ಬಲ್ಬಿನ ಪರೀಕ್ಷೆ ಪಂಪಿನಂಥ ದಪ್ಪ ವಯರಿಗೆ ಮಾತ್ರ. ಕಂಪ್ಯೂಟರ್ ಪೆಟ್ಟಿಗೆ, ಸೆನ್ಸರು, ಏರ್‌ಬ್ಯಾಗಿನ ವಯರುಗಳಿಗೆ ಅದನ್ನು ತಾಕಿಸಲೇ ಕೂಡದು. ಇನ್ನು ಎಂಜಿನ್ನಿನ ದೊಡ್ಡ ಪಂಪಿನಿಂದ ಹೊರಡುವ ಉಕ್ಕಿನ ಕೊಳವೆಗಳನ್ನು ಸಡಿಲಿಸುವುದಾಗಲಿ, ಸೋರುತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದಾಗಲಿ ಬೇಡ. ಅಲ್ಲಿಯ ಒತ್ತಡ 1,600 ಬಾರ್‌ವರೆಗೂ ಏರಬಹುದು. ಕೂದಲೆಳೆಯಂಥ ಧಾರೆಯೂ ಚರ್ಮವನ್ನು ಭೇದಿಸಿ ಒಳಹೊಗುತ್ತದೆ.

ಗೊತ್ತಾದ ದಿನವೇ ಹೊರಟೆವು. ಖಂಬಾಟಕಿ ಘಾಟನ್ನು ಏರುವಾಗ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಮೇಲಕ್ಕೆ ತಲುಪಿದ ಮೇಲೆ ಮನೆಯವರು ಪಾಟ್ಲಿ ತೊಟ್ಟ ಕೈಯಿಂದಲೇ ಎಲ್ಲರಿಗೂ ಅವಲಕ್ಕಿ ಹಂಚಿದರು, ಒಂದು ಕಾಳೂ ಕೆಳಗೆ ಬೀಳದಂತೆ.

ಧಾರವಾಡದಿಂದ ಮರಳುವ ದಿನ ತಂದೆಯವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತರು. ನಾವು ಕೀಲಿ ತಿರುವಿದೆವು.

‘ಕೆಳಗೇನೋ ಗುಂಯ್ ಅಂತದಲ್ಲಪಾ?’ ಎಂದು ಗಾಬರಿಯಾದರು.

‘ಅನ್ನಲಿ ಬಿಡಪ್ಪಾ, ಅದು ಚಲೋ ಸಪ್ಪಳ’ ಎಂದೆವು.