ಇನ್ನೊಂದು ಕಡುಬು ಹಾಕಲೇ?

ನಮ್ಮ ಮೂಡಿಗೆರೆ ಕಡೆ ಊಟಕ್ಕೆ ಕೂತವರು ಸಾಕು ಎಂದರೆ ಯಾರೂ ನಂಬುವುದಿಲ್ಲ. ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬಿದ್ದಿರುತ್ತದೆ. ಹಾಗೆ ಬಡಿಸುವವರು ನಾವೇ, ಪಾತ್ರೆಯಲ್ಲಿ ಉಳಿದದ್ದು ಹಾಳಾಗಬಾರದೆಂದು ತಿನ್ನುವವರೂ ನಾವೇ. ಅಲ್ಲವೇ ಸೋದರಿಯರೆ?

ಹೋದ ವರ್ಷ ಮಂಡಿನೋವಿಗೆಂದು ಡಾಕ್ಟರ ಹತ್ತಿರ ಹೋಗಿದ್ದೆ. ಸೊಂಟ ಅಳೆದರು, 94 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಭಯ ಹೆಚ್ಚು. ಅದನ್ನು ಮೆಲ್ಲಗೆ ಹೇಳಬಹುದಿತ್ತು. “ಸ್ವಲ್ಪ ಬಾಯಿ ಕಟ್ಟಮ್ಮ” ಎಂದು ಹೊರಗೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಅಂದರು. ಮನೆಗೆ ಬಂದವಳೇ ಏನು ಮಾಡಿದೆ ಗೊತ್ತೇ? ಬೆಳಗಿನ ಕಡುಬು ಮೂರು ಉಳಿದಿದ್ದವು, ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ಹಸಿವೇನೂ ಇರಲಿಲ್ಲ. ನಾಚಿಕೆ, ಬೇಸರಗಳೂ ತಿನ್ನಿಸುತ್ತವೆ ಎಂದು ಅವತ್ತು ತಿಳಿಯಿತು. ಹಂಗಿಸಿದರೆ ದಪ್ಪಗಿದ್ದವರು ಇಳಿಯುತ್ತಾರೆ ಎಂದುಕೊಂಡವರು ಇದನ್ನು ಓದಲಿ.

ನಾನೊಬ್ಬಳೇ ಅಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 23 ಮಂದಿಗೆ ತೂಕ ಹೆಚ್ಚಿತ್ತು. 2019–21ರ ಸಮೀಕ್ಷೆಗೆ ಅದು 30 ಆಯಿತು. ಅಷ್ಟರಲ್ಲೇ ಇಷ್ಟು ಜನರ ನಾಲಿಗೆ ಒಟ್ಟಿಗೇ ಕೆಟ್ಟಿತೇ? ಅಮೆರಿಕದಲ್ಲಿ ಹನ್ನೆರಡು ಸಾವಿರ ಜನರ 32 ವರ್ಷದ ಲೆಕ್ಕ ನೋಡಿ 2007ರಲ್ಲಿ ಪ್ರಕಟಿಸಿದ್ದರು: ಸ್ನೇಹಿತರಲ್ಲಿ ಒಬ್ಬರು ದಪ್ಪವಾದರೆ ಇನ್ನೊಬ್ಬರೂ ದಪ್ಪವಾಗುವ ಸಂಭವ ಹೆಚ್ಚಂತೆ. ಕಾರಣದ ಬಗ್ಗೆ ಪಂಡಿತರಲ್ಲಿ ತಕರಾರಿದೆ. ನನಗಂತೂ ನಮ್ಮ ಜಗಲಿ ನೆನಪಾಯಿತು. ನಾಲ್ಕು ಮನೆಯವರು ಸೇರಿದರೆ ಕಾಫಿ, ಕಾಫಿ ಜೊತೆ ಚಕ್ಕುಲಿ.

ಬಾಬಾಬುಡನ್‌ಗಿರಿಯ ಜಿಲ್ಲೆಯಲ್ಲಿದ್ದುಕೊಂಡು ಕಾಫಿ ಬಿಡಿ ಎಂದು ನಾನು ಹೇಳಲಾರೆ. ತೊಂದರೆ ಸಕ್ಕರೆಯದು. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ, ಹತ್ತಾಯಿತಲ್ಲ! ಸಿಹಿತಿಂಡಿ, ಬಿಸ್ಕತ್ತಿನದೂ ಸೇರಿ ಆರು ಚಮಚದೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ ಬಿಟ್ಟೆ, ನಾಲ್ಕನೇ ದಿನ ಸೋತೆ. ಆಮೇಲೆ ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸುತ್ತಾ ಬಂದೆ. ನಾಲಿಗೆಗೆ ಗೊತ್ತೇ ಆಗಲಿಲ್ಲ.

ಕಷ್ಟವಾದದ್ದು ಅತ್ತೆಯವರಿಗೆ ಹೇಳುವುದು. ಅವರು ಬಡಿಸಿದ್ದನ್ನು ಬೇಡ ಎಂದರೆ ಅವರನ್ನೇ ಬೇಡ ಎಂದ ಹಾಗೆ. ಒಂದು ರಾತ್ರಿ ಧೈರ್ಯ ಮಾಡಿ, “ಅತ್ತೆ, ನಮ್ಮಮ್ಮ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡದ್ದು ನೀವೂ ನೋಡಿದ್ದೀರಿ. ನನಗೆ ಹೆದರಿಕೆಯಾಗುತ್ತೆ” ಅಂದೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಕಡುಬಿಗೆ ಅಕ್ಕಿತರಿ ಅಳೆಯುವಾಗ ಒಂದು ಪಾವು ಕಡಿಮೆ ಹಾಕಿದರು. ಉಳಿದರೆ ತಾನೇ ನಾನು ತಿನ್ನುವುದು!

ಬೆಳಿಗ್ಗೆ ವಾಕಿಂಗ್ ಹೋಗಿ ಎನ್ನುವುದು ಸುಲಭ. ಇಲ್ಲಿ ಮಳೆಗಾಲದಲ್ಲಿ ಕೊಡೆ ನಿಲ್ಲುವುದಿಲ್ಲ, ಉಳಿದ ದಿನ ತೋಟದ ದಾರಿಯಲ್ಲಿ ಕಾಡಾನೆ ಭಯ. ಅದಕ್ಕಿಂತ ದೊಡ್ಡ ಭಯ “ಏನಮ್ಮ, ಎಲ್ಲಿಗೆ ಹೊರಟೆ?” ಎಂಬ ಪ್ರಶ್ನೆಯದು. ಬೀದಿ ಕೊನೆಯ ಮನೆಯ ಅಕ್ಕ ಜೊತೆಗೆ ಬಂದ ಮೇಲೆ ಉತ್ತರ ಕೊಡುವ ಕೆಲಸ ಅವರದಾಯಿತು. ಸಂಜೆ ಅರ್ಧ ಗಂಟೆ ನಡೆಯುತ್ತೇವೆ, ಮಳೆ ಹಿಡಿದರೆ ಅವರ ಉದ್ದ ಜಗಲಿಯಲ್ಲೇ. ನಾನು ಹೋಗದಿದ್ದರೆ ಗೇಟಿನ ಹತ್ತಿರ ನಿಂತು ಕೂಗುತ್ತಾರೆ.

ಎಂಟು ತಿಂಗಳಿಗೆ ಇಳಿದದ್ದು ನಾಲ್ಕೂವರೆ ಕಿಲೋ, ಅಷ್ಟೇ. ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಮೊದಲಿನ ಹಾಗೆ ಬೈಯುವುದಿಲ್ಲ. ಬರುವ ಭಾನುವಾರ ಕಳಸದಲ್ಲಿ ನಾದಿನಿಯ ಗೃಹಪ್ರವೇಶ, ಹೋಳಿಗೆ ಊಟ. ಒಂದು ತಿನ್ನುವುದು ಖಂಡಿತ. ಎರಡನೆಯದನ್ನು ಹಾಕಲು ಬಂದವರನ್ನು ತಾವು ನೋಡಿಕೊಳ್ಳುತ್ತೇನೆಂದು ಅತ್ತೆಯವರು ಹೇಳಿದ್ದಾರೆ.