ನಡುರಾತ್ರಿಯ ಅಮಲು, ಬೆಳಗಿನ ರಕ್ತ

ಕಳೆದ ಭಾನುವಾರ ಸಂಘದ ಸಭೆ ಮುಗಿದು ಉಪ್ಪಿಟ್ಟು, ಕಾಫಿ ನಡೆಯುತ್ತಿತ್ತು. ಈ ವರ್ಷ ಕಾನೂನು ಕಾಲೇಜು ಸೇರಿದ ನಮ್ಮ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, "ಆಂಟಿ, ಕುಡಿದು ಹಡಗು ನಡೆಸಿದವನ ಪರ ವಾದ ಮಾಡೋದು ತಪ್ಪಲ್ವಾ?" ಎಂದಳು. ಎಕ್ಸಾನ್ ವಾಲ್ಡೀಜ್ ಮೊಕದ್ದಮೆಯ ಬಗ್ಗೆ ತರಗತಿಯಲ್ಲಿ ಚರ್ಚೆಯಂತೆ. ಅವಳ ಪಾಲಿಗೆ ಬಂದದ್ದು ಆರೋಪಿಯ ಪಕ್ಷ. ಮುಖ ಸಪ್ಪಗಾಗಿತ್ತು.

ನನಗೆ ಕಾನೂನು ಗೊತ್ತಿಲ್ಲ. ಆದರೆ ಎಣ್ಣೆಯಲ್ಲಿ ಮುಳುಗೆದ್ದ ಆ ಹಕ್ಕಿಗಳ ಚಿತ್ರಗಳನ್ನು ಮರೆತಿಲ್ಲ. 1989ರ ಮಾರ್ಚ್ 24, ನಡುರಾತ್ರಿ ಕಳೆದು ನಾಲ್ಕು ನಿಮಿಷ. ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಆ ಹಡಗು ಬ್ಲೈ ರೀಫ್ ಎಂಬ ಬಂಡೆಸಾಲಿಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಚೆಲ್ಲಿತು. ಕ್ಯಾಪ್ಟನ್ ಜೋಸೆಫ್ ಹೇಜಲ್‌ವುಡ್ ಆಗ ಚುಕ್ಕಾಣಿ ಕೋಣೆಯಲ್ಲಿರಲಿಲ್ಲ. ಹಡಗನ್ನು ಮೂರನೆಯ ಮೇಟ್‌ಗೆ ಒಪ್ಪಿಸಿ ಕೆಳಗಿಳಿದಿದ್ದ. ಅಂದು ಹೊರಡುವ ಮೊದಲು ಊರಿನಲ್ಲಿ ವೋಡ್ಕಾ ಕುಡಿದಿದ್ದ. ಹಡಗು ಹತ್ತಿದ ಕೋಸ್ಟ್ ಗಾರ್ಡ್‌ನವರಿಗೆ ವಾಸನೆಯೂ ಬಂತು.

ಇಷ್ಟು ಸಾಲದೇ ಎನಿಸುತ್ತದೆ. ಸಾಲಲಿಲ್ಲ. ಏಕೆಂದರೆ ರಕ್ತ ತೆಗೆದದ್ದು ಹತ್ತು ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ. 100 ಮಿಲಿಲೀಟರ್ ರಕ್ತದಲ್ಲಿ 61 ಮಿಲಿಗ್ರಾಂ ಮದ್ಯ ಸಿಕ್ಕಿತು. ಅಲಾಸ್ಕ ರಾಜ್ಯದ ಅಂದಿನ ಮಿತಿ 100. ಆದ್ದರಿಂದ ಸರಕಾರಿ ವಕೀಲರು ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂ ಕರಗಿಸುತ್ತದೆಂದು ಹಿಡಿದರೆ ನಡುರಾತ್ರಿಗೆ ಅದು 200 ದಾಟುತ್ತದೆ! ಇಲ್ಲೇ ಪ್ರತಿವಾದಕ್ಕೆ ದಾರಿ ಸಿಕ್ಕಿತು. ಅಷ್ಟು ಕುಡಿದವನು ನೆಟ್ಟಗೆ ನಿಲ್ಲುತ್ತಾನೆಯೆ? ಹಡಗಿನಲ್ಲಿ ಅವನನ್ನು ಕಂಡವರು ಒಬ್ಬರಾದ ಮೇಲೊಬ್ಬರು ಬಂದು, ಅವನು ಅಮಲೇರಿದವನಂತೆ ಕಾಣಲಿಲ್ಲವೆಂದು ಸಾಕ್ಷಿ ಹೇಳಿದರು. ಮನೆಲೆಕ್ಕ ಬರೆಯುವ ನಮಗೂ ಗೊತ್ತು, ತಿಂಗಳ ಕೊನೆಯಲ್ಲಿ ಉಳಿದ ಚಿಲ್ಲರೆ ನೋಡಿ ಒಂದನೇ ತಾರೀಕು ಕೈಯಲ್ಲಿ ಎಷ್ಟಿತ್ತೆಂದು ಆಣೆಯಿಟ್ಟು ಹೇಳಲಾಗದು.

1990ರ ಮಾರ್ಚ್‌ನಲ್ಲಿ ಜ್ಯೂರಿ ಅಮಲಿನ ಆರೋಪದಿಂದ ಅವನನ್ನು ಬಿಟ್ಟಿತು. ನಿರ್ಲಕ್ಷ್ಯದಿಂದ ತೈಲ ಚೆಲ್ಲಿದ ಅಪರಾಧ ಮಾತ್ರ ಉಳಿಯಿತು: 50 ಸಾವಿರ ಡಾಲರ್, 1000 ಗಂಟೆ ಸಮುದಾಯ ಸೇವೆ.

"ಹಾಗಾದ್ರೆ ಅವನು ಕುಡಿದೇ ಇರ್ಲಿಲ್ವಾ?" ಎಂದಳು ಹುಡುಗಿ. ಜ್ಯೂರಿ ಹಾಗೆಂದಿಲ್ಲ, ಮಗಳೇ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಪಘಾತದ ಕಾರಣಗಳಲ್ಲಿ ಕ್ಯಾಪ್ಟನ್ನನ ಮದ್ಯವನ್ನೂ ಸೇರಿಸಿತು. ಆದರೆ ಮಂಡಳಿ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಜೈಲಿಗೆ ಕಳಿಸುವವರು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು. ಆ ಭಾರ ಸರಕಾರದ್ದು.

ನಮ್ಮಲ್ಲೂ ಬೇರೆಯಲ್ಲ. ಮಹಾರಾಷ್ಟ್ರದ ಒಬ್ಬ ಕಾರು ಚಾಲಕನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ, ರಕ್ತಪರೀಕ್ಷೆಯಿಲ್ಲದೆ ಬಾಯಿವಾಸನೆ, ತೂರಾಡುವ ನಡಿಗೆ ಇಷ್ಟರಿಂದಲೇ ಅಮಲು ಸಾಬೀತಾಗದು ಎಂದಿತು. ಕುಡುಕರಿಗೆ ಅನುಕೂಲವಾಯಿತೆಂದು ಗೊಣಗಬಹುದು, ನಾನೂ ಗೊಣಗಿದವಳೇ. ಆದರೆ ಔಷಧ ಕುಡಿದ, ಕಾಲು ನೋವಿನ ಚಾಲಕನನ್ನು ಹಿಡಿದು ತಂದ ದಿನ ಅದೇ ಮಾತು ಅವನನ್ನು ಕಾಯಬೇಕು.

ಹೇಜಲ್‌ವುಡ್ ಮೇಲ್ಮನವಿಗಳನ್ನೆಲ್ಲ ಮುಗಿಸಿ ಶಿಕ್ಷೆಯ ಸೇವೆ ಆರಂಭಿಸಿದ್ದು 1999ರಲ್ಲಿ, ಆಂಕರೇಜ್ ಊರಿನ ರಸ್ತೆಬದಿಯ ಕಸ ಹೆಕ್ಕುತ್ತಾ. 2022ರಲ್ಲಿ ತೀರಿಕೊಂಡ.

ಹುಡುಗಿ ಎರಡನೇ ಸಲ ಕಾಫಿ ತಂದುಕೊಂಡು, ಆ ಹತ್ತು ಗಂಟೆಯ ಲೆಕ್ಕವನ್ನು ನನ್ನಿಂದಲೇ ಕಾಗದದ ಮೇಲೆ ಬರೆಸಿಕೊಂಡಳು. ಚರ್ಚೆ ಈ ಶುಕ್ರವಾರ.