ತೋಟದ ಮಾತು, ಪ್ರಯೋಗಾಲಯದ ಮಾತು

ಕೊಳೆರೋಗ ಎಂದರೇನು? ತೀರ್ಥಹಳ್ಳಿಯ ಅಡಿಕೆ ಬೆಳೆಗಾರರನ್ನು ಕೇಳಿದರೆ, ಜಡಿಮಳೆಯಲ್ಲಿ ಎಳೆಗಾಯಿ ಕೊಳೆತು ಉದುರುವುದನ್ನು ಹೇಳುತ್ತಾರೆ. ಕಾಫಿ ತೋಟದವರನ್ನು ಕೇಳಿದರೆ, ಎಲೆ ಕಪ್ಪಾಗಿ ಕೊಳೆತು ಬೂಷ್ಟಿನ ಎಳೆಯಲ್ಲಿ ನೇತಾಡುವುದನ್ನು ಹೇಳುತ್ತಾರೆ. ಇಬ್ಬರ ಮಾತೂ ಸರಿಯೇ. ಅಡಿಕೆಯ ಕೊಳೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದು. ಕಾಫಿಯದು ಅದಕ್ಕೆ ಸಂಬಂಧವೇ ಇಲ್ಲದ ಮತ್ತೊಂದು ಶಿಲೀಂಧ್ರದಿಂದ. ಕಾಫಿಯ ಆ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಆಂಗ್ಲ ವಿಜ್ಞಾನಿ ನಮ್ಮ ಮಾತನ್ನೇ ಎತ್ತಿಕೊಂಡು ಪೆಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ರೋಗದ ಮೇಲೆ ಪುಸ್ತಿಕೆ ಹೊರತಂದಾಗ ಅವರೂ ಕೊಳೆರೋಗ ಎಂಬ ಮಾತನ್ನೇ ಇಟ್ಟುಕೊಂಡರು. ರೈತರ ಮಾತಿಗೆ ಸಿಕ್ಕ ಗೌರವವೆಂದು ನಾವು ಹೆಮ್ಮೆಪಡಬಹುದು. ಆದರೆ ಇಂದು ಗಣಕಯಂತ್ರದಲ್ಲಿ ಆ ಒಂದು ಶಬ್ದವನ್ನು ಹುಡುಕಿದರೆ ಎರಡು ಬೆಳೆಗಳ ಎರಡು ರೋಗಗಳ ಕಾಗದಪತ್ರ ಒಂದೇ ರಾಶಿಯಾಗಿ ಬಂದು ಬೀಳುತ್ತದೆ.

ರೈತ ಬಾಂಧವರೇ, ಇದು ಪಂಡಿತರ ತಲೆನೋವು, ನಮಗೇನು ಎಂದು ತಾವು ಪುಟ ತಿರುವಬಾರದು. 2022ರಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ ಎಲೆಚುಕ್ಕೆ ರೋಗ ಸೋಗೆಗಳನ್ನು ಸುಟ್ಟಂತೆ ಮಾಡಿದ್ದನ್ನು ಕಂಡವರಿಗೆ ಇದು ತಮ್ಮದೇ ವಿಷಯವೆಂಬುದು ತಿಳಿದೀತು. ಅಂಥ ರೋಗದ ನಡುವೆಯೂ ಒಂದೆರಡು ಮರ ಹಸಿರಾಗಿ ನಿಂತರೆ, ಅದು ಹೇಗೆ ತಡೆದುಕೊಂಡಿತು ಎಂದು ತಿಳಿಯಲು ವಿಜ್ಞಾನಿಗಳು ಈಗ ವಂಶವಾಹಿಗಳ, ಎಂದರೆ ಜೀನ್‌ಗಳ, ಕೆಲಸವನ್ನು ಅಳೆಯಬಲ್ಲರು.

ಅದು ಹೇಗೆಂದರೆ, ನಮ್ಮ ಮನೆಯ ಅಟ್ಟವನ್ನು ನೆನೆಯಿರಿ. ಕಂಬಳಿಕೊಪ್ಪೆ, ಮೆಟ್ಟುಗತ್ತಿ, ಅಡಿಕೆ ಬೇಯಿಸುವ ಹಂಡೆ, ಮದುವೆಯ ಕೊಪ್ಪರಿಗೆ ಎಲ್ಲವೂ ಅಲ್ಲಿರುತ್ತವೆ. ಮಳೆ ಹಿಡಿದಾಗ ಕೊಪ್ಪೆ ಕೆಳಗಿಳಿಯುತ್ತದೆ, ಕೊನೆಕೊಯ್ಲಿನಲ್ಲಿ ಮೆಟ್ಟುಗತ್ತಿ. ಅಟ್ಟದಿಂದ ಏನು ಇಳಿದಿದೆ ಎಂದು ನೋಡಿದವನು ಮನೆಯೊಳಗೆ ಏನು ನಡೆಯುತ್ತಿದೆ ಎಂದು ಹೇಳಬಲ್ಲ. ಗಿಡದ ಪ್ರತಿ ಜೀವಕೋಶದಲ್ಲೂ ಎಲ್ಲ ವಂಶವಾಹಿಗಳೂ ಇವೆ. ಆದರೆ ಬೇರಿನಲ್ಲಿ ಕೆಲವು, ಹಿಂಗಾರದಲ್ಲಿ ಕೆಲವು, ರೋಗ ತಗುಲಿದ ದಿನ ಮತ್ತೆ ಕೆಲವು ಕೆಲಸಕ್ಕಿಳಿಯುತ್ತವೆ. ಇದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಚೀನಾ ದೇಶದ ವಿಜ್ಞಾನಿಗಳು 2021ರಲ್ಲಿ ಅಡಿಕೆಯ ವಂಶವಾಹಿ ಲಿಪಿಯನ್ನು ಓದಿ ಪ್ರಕಟಿಸಿದ್ದಾರೆ. ಸುಮಾರು 250 ಕೋಟಿ ಅಕ್ಷರಗಳ ಲಿಪಿ ಅದು. ಅಟ್ಟದ ಸಾಮಾನಿನ ಪಟ್ಟಿ ಕೈಗೆ ಬಂದಂತಾಯಿತು.

ತೊಂದರೆ ಇರುವುದು ಮುಂದೆ. ಯಾವ ಸಾಮಾನು ಇಳಿದಿತ್ತು ಎಂದು ಬರೆದಿಟ್ಟು, ಯಾವ ಮನೆ, ಯಾವ ತಿಂಗಳು ಎಂಬುದನ್ನು ಬರೆಯದಿದ್ದರೆ ಆ ಪಟ್ಟಿ ಯಾತಕ್ಕೆ? ಒಬ್ಬರು ಮಾದರಿಯ ಮೇಲೆ 'ಎಲೆ' ಎಂದು ಬರೆಯುತ್ತಾರೆ, ಮತ್ತೊಬ್ಬರು 'ಸೋಗೆ', ಮಗದೊಬ್ಬರು 'ಸುಳಿ'. ಅಡಿಕೆ ಎಂಬ ಶಬ್ದವೇ ನಮ್ಮಲ್ಲಿ ಮರಕ್ಕೂ, ಸಿಪ್ಪೆ ಸಹಿತದ ಕಾಯಿಗೂ, ಸುಲಿದ ಬೀಜಕ್ಕೂ ನಡೆಯುತ್ತದೆ. ಮನುಷ್ಯನಾದರೆ ಸಂದರ್ಭ ನೋಡಿ ಅರ್ಥ ಮಾಡಿಕೊಂಡಾನು. ಸಾವಿರಾರು ಮಾದರಿಗಳನ್ನು ಒಟ್ಟಿಗೆ ಹೋಲಿಸುವ ಯಂತ್ರಕ್ಕೆ ಆ ವಿವೇಕವಿಲ್ಲ.

ಈ ಗೊಂದಲ ಎಲ್ಲ ದೇಶಗಳಲ್ಲೂ ಇತ್ತು. 1998ರಲ್ಲಿ ಹಣ್ಣುನೊಣ, ಇಲಿ ಮತ್ತು ಯೀಸ್ಟಿನ ಮೇಲೆ ಕೆಲಸ ಮಾಡುತ್ತಿದ್ದ ಮೂರು ತಂಡಗಳವರು ಕೂಡಿ ಜೀನ್ ಆಂಟಾಲಜಿ ಎಂಬ ಸಾಮಾನ್ಯ ಪದವ್ಯವಸ್ಥೆಯನ್ನು ಆರಂಭಿಸಿದರು. ಅನಂತರ ಭತ್ತ, ಮುಸುಕಿನ ಜೋಳ ಮತ್ತು ಸಾಸಿವೆ ಕುಲದ ಒಂದು ಸಣ್ಣ ಗಿಡದವರು ಕೂಡಿ ಸಸ್ಯಭಾಗಗಳಿಗೂ ಬೆಳವಣಿಗೆಯ ಹಂತಗಳಿಗೂ ಪ್ಲಾಂಟ್ ಆಂಟಾಲಜಿ ಕಟ್ಟಿದರು. ಅಲ್ಲಿ ಪ್ರತಿ ಭಾಗಕ್ಕೂ ಏಳು ಅಂಕಿಗಳ ಒಂದು ಸಂಖ್ಯೆ ಇದೆ. ಹಣ್ಣಿಗೆ 0009001, ಹೂಗೊಂಚಲಿಗೆ 0009049. ಭತ್ತದವರು ತೆನೆ ಎನ್ನಲಿ, ನಾವು ಹಿಂಗಾರ ಎನ್ನಲಿ, ಎರಡೂ ಹೂಗೊಂಚಲಿನ ಬಗೆಗಳೆಂದು ಆ ಸಂಖ್ಯೆಯಡಿ ಸೇರುತ್ತವೆ. ಯಾವುದು ಯಾವುದರ ಭಾಗ, ಯಾವುದು ಯಾವುದರ ಬಗೆ ಎಂಬ ಸಂಬಂಧವೂ ಅಲ್ಲೇ ದಾಖಲಾಗಿರುತ್ತದೆ.

ಇದು ನಮಗೆ ಹೊಸದೆಂದು ಭಾವಿಸಬೇಡಿ. ಸಾಗರದ ಮಾರುಕಟ್ಟೆಯಲ್ಲಿ ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕ ಎಂದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ರಾಶಿ ಎಂದೊಡನೆ ಅದು ಬೇಯಿಸಿದ ಕೆಂಪಡಿಕೆಯ ಬಗೆ, ಚಾಲಿ ಎಂದೊಡನೆ ಹಣ್ಣಡಿಕೆ ಒಣಗಿಸಿದ ಬಿಳಿ ಅಡಿಕೆ ಎಂಬುದು ಕೇಳಿದವನಿಗೂ ಹೇಳಿದವನಿಗೂ ಗೊತ್ತು. ಹಣದ ವ್ಯವಹಾರವಿದ್ದಲ್ಲಿ ನಮ್ಮ ಹಿರಿಯರು ಪದಗಳನ್ನು ಇಷ್ಟು ಬಿಗಿಯಾಗಿ ಕಟ್ಟಿದರು. ರೋಗದ ವಿಷಯದಲ್ಲಿ ಮಾತ್ರ 'ಮರ ಹಾಳಾಗಿದೆ' ಎಂಬಲ್ಲಿಗೆ ನಮ್ಮ ವರದಿ ಮುಗಿಯುತ್ತದೆ!

ಹಳದಿ ಎಲೆ ರೋಗವನ್ನೇ ನೋಡಿ. ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆ ಇದು ತೋಟಗಳನ್ನೇ ಮುಗಿಸಿದೆ. ನಮ್ಮ ದೇಶದಲ್ಲಿ ಈ ರೋಗವನ್ನು ಬಹುಕಾಲದಿಂದ ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯೊಡನೆ ಸಂಬಂಧಿಸಿ ಹೇಳಲಾಗಿದೆ. ಚೀನಾದ ಹೈನಾನ್ ದ್ವೀಪದಲ್ಲೂ ಅಡಿಕೆಗೆ ಇದೇ ಹೆಸರಿನ ರೋಗವಿದೆ. ಅಲ್ಲಿನ ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ವೆಲಾರಿವೈರಸ್ ಎಂಬ ವೈರಸ್ಸಿನತ್ತ ಬೊಟ್ಟು ಮಾಡಿದ್ದಾರೆ. ನೀರು ನಿಂತ ತೋಟದಲ್ಲೂ ಸೋಗೆ ಹಳದಿಯಾಗುತ್ತದೆ, ಅದು ಇನ್ನೊಂದು ಮಾತು. ಈ ಮೂರನ್ನೂ 'ಹಳದಿ ಎಲೆ' ಎಂಬ ಒಂದೇ ಚೀಟಿಯಡಿ ಗಣಕಯಂತ್ರಕ್ಕೆ ತುಂಬಿದರೆ, ಅದು ರೋಗನಿರೋಧಕವೆಂದು ತೋರಿಸಿಕೊಡುವ ವಂಶವಾಹಿ ಯಾವ ರೋಗಕ್ಕೆ ಸೇರಿದ್ದೆಂದು ಹೇಳುವವರು ಯಾರು? ಅದನ್ನು ನಂಬಿ ತಾಯಿಮರ ಆರಿಸಿ ಬೀಜ ಹಾಕಿದವರಿಗೆ ತಪ್ಪು ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ. ಭತ್ತವಾದರೆ ಮುಂದಿನ ಮಳೆಗಾಲದಲ್ಲಿ ತಿದ್ದಿಕೊಳ್ಳಬಹುದು. ಅಡಿಕೆಯಲ್ಲಿ ಆ ಅವಕಾಶವಿಲ್ಲ.

ಹಾಗೆಂದು ಎಲ್ಲರೂ ಇಂಗ್ಲಿಷ್ ಪಟ್ಟಿಯನ್ನು ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅದು ದೊಡ್ಡ ನಷ್ಟವಾದೀತು. ಅಪ್ಪೆಮಿಡಿಯ ವಿಷಯ ನಿಮಗೆ ಗೊತ್ತು. 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಮಾವಿನಲ್ಲಿ ಜೀರಿಗೆಯ ವಾಸನೆ, ಕರ್ಪೂರದ ವಾಸನೆ ಎಂದು ಮಿಡಿ ಮುರಿದು ಸೊನೆ ಮೂಸಿ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. (ಒಂದೂರಿನ ಜೀರಿಗೆ ಮತ್ತೊಂದೂರಿನ ಜೀರಿಗೆಯಲ್ಲ ಎಂಬ ಜಗಳವೂ ಇದೆ, ಅದಿರಲಿ.) ಇಂಥ ಸೂಕ್ಷ್ಮ ಪದಗಳನ್ನು 'ಸುವಾಸನೆ' ಎಂಬ ಒಂದೇ ಮಾತಿನಲ್ಲಿ ಅದ್ದಿಬಿಟ್ಟರೆ ವಿಜ್ಞಾನಕ್ಕೇ ಹಾನಿ. ಪದವ್ಯವಸ್ಥೆ ಎಂದರೆ ಪದಗಳನ್ನು ಕಡಿಮೆ ಮಾಡುವುದಲ್ಲ, ಪ್ರತಿ ಪದಕ್ಕೂ ಅದರ ಸ್ಥಾನ ತೋರಿಸುವುದು. ಪ್ಲಾಂಟ್ ಆಂಟಾಲಜಿಯಲ್ಲಿ ಸ್ಪ್ಯಾನಿಷ್ ಮತ್ತು ಜಪಾನಿ ಭಾಷೆಯ ಸಮಾನ ಪದಗಳನ್ನೂ ಸೇರಿಸಿದ್ದಾರೆ. ಹಿಂಗಾರ, ಹಾಳೆ, ಸೋಗೆ, ಸುಳಿ, ಮಿಳ್ಳೆ, ಗೋಟು ಇವುಗಳಿಗೂ ಅಲ್ಲಿ ಜಾಗವಾಗಬೇಕು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾಲಯವಿದೆ. ಇವರು ಬೆಳೆಗಾರರನ್ನು ಕೂಡಿಸಿಕೊಂಡು ಈ ಪದಕೋಶವನ್ನು ಮಾಡತಕ್ಕದ್ದು. ವಿಜ್ಞಾನಿಗಳು ಒಬ್ಬರೇ ಕುಳಿತು ಮಾಡಿದರೆ ಅದು ಕಪಾಟಿನಲ್ಲಿ ಉಳಿಯುತ್ತದೆ.

ಅಲ್ಲಿಯವರೆಗೆ ತಮ್ಮಿಂದ ಆಗಬಹುದಾದ ಕೆಲಸವೂ ಇದೆ. ವಂಶವಾಹಿಯ ಅಭಿವ್ಯಕ್ತಿಗೆ ಬೇಕಾದ ಮಾದರಿಯನ್ನು ಕಿತ್ತ ಕೂಡಲೇ ಅತಿ ಶೀತದಲ್ಲಿ ಇಡಬೇಕಾದ್ದರಿಂದ ಅದನ್ನು ತಜ್ಞರೇ ಬಂದು ತೆಗೆಯುತ್ತಾರೆ. ಆದರೆ ಆ ಮರದ ಚರಿತ್ರೆ ಇರುವುದು ನಿಮ್ಮಲ್ಲಿ. ಚುಕ್ಕೆ ಮೊದಲು ಕಂಡದ್ದು ಯಾವ ತಿಂಗಳು, ಸುಳಿಯಿಂದ ಕೆಳಗೆ ಎಣಿಸಿದರೆ ಎಷ್ಟನೆಯ ಸೋಗೆಯಲ್ಲಿ, ಹಿಂಗಾರಕ್ಕೂ ಕಾಯಿಗೂ ಹಬ್ಬಿತೇ, ಬೋರ್ಡೋ ದ್ರಾವಣ ಎಂದು ಹೊಡೆದಿರಿ ಎಂಬುದನ್ನು ಮರದ ಗುರುತಿನೊಡನೆ ಬರೆದಿಡಿ. ಸೋಗೆಯ ಎಣಿಕೆ ಮುಖ್ಯ. ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಮಾತ್ರ ಬಿಡುವುದರಿಂದ ಎರಡನೆಯ ಸೋಗೆಗೂ ಆರನೆಯ ಸೋಗೆಗೂ ಅರ್ಧ ವರ್ಷಕ್ಕಿಂತ ಹೆಚ್ಚು ವಯಸ್ಸಿನ ಅಂತರವಿರುತ್ತದೆ, ಅವುಗಳೊಳಗಿನ ವಂಶವಾಹಿಗಳ ಕೆಲಸವೂ ಬೇರೆ. ಲಕ್ಷಣಕ್ಕೆ ಪುಸ್ತಕದ ಹೆಸರು ತಿಳಿಯದಿದ್ದರೆ ನಿಮ್ಮ ಮನೆಯ ಮಾತನ್ನೇ ಬರೆಯಿರಿ. ಪಕ್ಕದಲ್ಲಿ ಚುಕ್ಕೆಯ ಬಣ್ಣ, ಅಂಚಿನ ಬಣ್ಣ, ಅದು ಎಲೆಯ ತುದಿಯಲ್ಲಿತ್ತೋ ನಡುವಿನಲ್ಲಿತ್ತೋ ಎಂಬುದು ಇರಲಿ. ಮಾದರಿ ಕೊಡುವಾಗ ಆ ಹಾಳೆಯ ಒಂದು ನಕಲು ನಿಮ್ಮಲ್ಲೂ ಉಳಿಯಲಿ.